ಭೀಮಕ್ಕ ಅಳಿಸಿದ ಸಾಲು

ಮೊನ್ನೆ ಯಾದಗಿರಿ ಸ್ಟೇಷನ್ ರಸ್ತೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಮಗಳ ಅಂಕಪಟ್ಟಿಯ ಪ್ರತಿ ಬೇಕಾಗಿತ್ತು. ಆಗಷ್ಟೇ ಕರೆಂಟ್ ಹೋಗಿ ಬಂದಿತ್ತು. ಅಂಗಡಿಯ ಹಳೆಯ ಕಂಪ್ಯೂಟರ್ ಗರ್ರೆಂದು ಎದ್ದಿತು, ಕಪ್ಪು ತೆರೆಯ ಮೇಲೆ ಎರಡು ಹೆಸರು ತೋರಿಸಿ ಯಾವುದು ಬೇಕೆಂದು ಕೇಳುತ್ತ ನಿಂತಿತು. ಅಂಗಡಿಯಾತ ಅತ್ತ ನೋಡಲೂ ಇಲ್ಲ. ನನ್ನೊಡನೆ ಬಿಸಿಲಿನ ಸುದ್ದಿ ಹೇಳುತ್ತಲೇ ಕೆಳಬಾಣದ ಗುಂಡಿ ಒತ್ತಿ, ಎಂಟರ್ ಒತ್ತಿದ.

"ಎರಡು ಹೆಸರು ಯಾಕ್ರಿ?" ಎಂದು ಕೇಳಿದೆ.

"ಮ್ಯಾಲಿಂದು ಹಳೇ ಸಿಸ್ಟಮ್ ಹೆಸರ್ರಿ ಮೇಡಂ. ಅದು ಅಳಿಸಿ ಎಷ್ಟೋ ದಿನ ಆತು, ಹೆಸರಷ್ಟ ಉಳದದ. ದಿನಾ ಒಂದು ಬಟನ್ ಒತ್ತಿದ್ರ ಆತು. ರೂಢಿ ಆಗ್ಯದ" ಎಂದು ನಕ್ಕ.

ನಾನೂ ನಕ್ಕೆ. ಆದರೆ ಅವನ ಬೆರಳು ಆ ಗುಂಡಿಯ ಮೇಲೆ ಹೋದ ರೀತಿ ನೋಡಿ ನನಗೆ ಸುರಪುರದ ಒಂದು ಓಣಿ, ಅಲ್ಲಿಯ ಕಲ್ಲಿನ ಮೆಟ್ಟಿಲು ನೆನಪಾದವು, ಭೀಮಕ್ಕ ನೆನಪಾದಳು. ಆ ಗುಂಡಿಯನ್ನು ನಾನೂ ಒಂದು ಕಾಲಕ್ಕೆ ದಿನಾ ಬೆಳಿಗ್ಗೆ ಒತ್ತುತ್ತಿದ್ದೆ. ನನ್ನ ಕಂಪ್ಯೂಟರಿಗಾಗಿ ಅಲ್ಲ, ಅವಳದಕ್ಕಾಗಿ.

ಯಾದಗಿರಿ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಏನು ಕೆಲಸವಿದ್ದರೂ ಗುಲ್ಬರ್ಗಕ್ಕೆ ಓಡಬೇಕಿತ್ತು. ನಾನು ಹುಣಸಗಿ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಭೀಮಕ್ಕ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಶಾಲೆಯ ಹಿಂದೆಯೇ ಕಾಲುವೆ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಹುಡುಗರು ಪಾಠ ಕೇಳುವುದಕ್ಕಿಂತ ಹೆಚ್ಚು ಕಿಟಕಿಯಾಚೆಗೆ ಕಿವಿಗೊಡುತ್ತಿದ್ದರು. ಜೋಳ, ತೊಗರಿ ಬೆಳೆದ ನೆಲ ನೋಡನೋಡುತ್ತ ಭತ್ತದ ಗದ್ದೆಯಾಗಿತ್ತು. ಜತೆಗೆ ಸೊಳ್ಳೆಗಳು. ಈ ಸೊಳ್ಳೆಗಳ ಬಗ್ಗೆ ಬರೆಯಲು ಕೂತರೆ ಅದೇ ಒಂದು ಪ್ರಬಂಧವಾದೀತು, ಬೇಡ. ನಾವಿಬ್ಬರೂ ಸುರಪುರದಲ್ಲಿ ಒಂದೇ ಓಣಿಯಲ್ಲಿ ಬಾಡಿಗೆಗಿದ್ದೆವು. ಮುಂಜಾನೆಯ ಬಸ್ಸಿಗೆ ಕೂಡಿಯೇ ಹೋಗುತ್ತಿದ್ದೆವು.

ಭೀಮಕ್ಕನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಎರಡೂ ಕಣ್ಣು ಹೋಗಿದ್ದವು. ವಡಗೇರಾ ಕಡೆಯ, ಭೀಮಾ ನದಿಯ ದಂಡೆಯ ಹಳ್ಳಿಯವಳು. ಅಪ್ಪ ಮೀನು ಹಿಡಿಯುವವರು. ಮಗಳನ್ನು ಮನೆಯಲ್ಲಿ ಕೂರಿಸದೆ ಹರಗೋಲಿನಲ್ಲಿ ಕರೆದೊಯ್ದು ಬಲೆಯ ಹಗ್ಗವನ್ನು ಅವಳ ಕೈಗೇ ಕೊಡುತ್ತಿದ್ದರಂತೆ. "ಆ ಹುಡುಗಿಗಿ ಏನ್ ಕಾಣ್ತದ, ಹಗ್ಗ ಯಾಕ ಕೊಟ್ಟಿ ಅಂತ ಯಾರರ ಕೇಳಿದ್ರ, ನಮ್ಮಪ್ಪ ಏನಂತಿದ್ದ ಗೊತ್ತೇನು? ನೀರೊಳಗಿನ ಮೀನ ನಿನಗ ಕಾಣ್ತದೇನು ಅಂತಿದ್ದ" ಎಂದು ಹೇಳಿ ಭೀಮಕ್ಕ ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವಂತೆ ನಗುತ್ತಿದ್ದಳು. ಗುಲ್ಬರ್ಗದಲ್ಲಿ ಅಂಧ ಮಕ್ಕಳ ಶಾಲೆ, ಆಮೇಲೆ ಬಿ.ಎ., ಬಿ.ಎಡ್., ಆಮೇಲೆ ಹೊರಗಿನಿಂದ ಕಟ್ಟಿ ಎಂ.ಎ. ಎಲ್ಲವನ್ನೂ ಬೇರೆಯವರ ಬಾಯಿಂದ ಓದಿಸಿಕೊಂಡೇ ಮುಗಿಸಿದ್ದಳು. ಓದಿ ಹೇಳಲು ಒಪ್ಪಿದವರು ಬಾರದ ದಿನ ಅವಳ ಓದು ನಿಲ್ಲುತ್ತಿತ್ತು. ಬಂದವರು ಆಕಳಿಸಿದರೆ ಪುಸ್ತಕ ಮುಚ್ಚಬೇಕಾಗುತ್ತಿತ್ತು. "ಒಂದು ಪುಟ ಎರಡನೇ ಸಲ ಓದು ಅಂತ ಕೇಳ್ಲಿಕ್ಕೆ ನಾಚಿಕಿ ಬರ್ತಿತ್ತವಾ" ಎಂದು ಒಮ್ಮೆ ಹೇಳಿದ್ದಳು.

ಆದ್ದರಿಂದ, ತೆರೆಯ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದು ಇದೆಯೆಂದು ತಿಳಿದ ದಿನವೇ ಅವಳು ಕಂಪ್ಯೂಟರ್ ಕೊಳ್ಳಲು ಹಟ ಹಿಡಿದಳು. ಶಹಾಪುರದ ಒಂದು ರಿಪೇರಿ ಅಂಗಡಿಯ ಸಲೀಮ್ ಎಂಬಾತ ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ಸರಿಮಾಡಿ, ಆ ತಂತ್ರಾಂಶವನ್ನೂ ಹಾಕಿ, ಟಂಟಂ ಆಟೊದಲ್ಲಿ ತಂದು ಇಳಿಸಿ ಹೋದ. ಆ ಯಂತ್ರದ ಇಂಗ್ಲಿಷ್ ದನಿ ಕೇಳಬೇಕಿತ್ತು ನೀವು! ಉಸಿರು ತೆಗೆದುಕೊಳ್ಳದ ಗಂಡಸಿನ ದನಿ. ಯಾದಗಿರಿಯನ್ನು 'ಯ್ಯಾಡ್ಜರ್' ಎನ್ನುತ್ತಿತ್ತು, ಸುರಪುರವನ್ನು 'ಸರ್ಪರ್'. ಭೀಮಕ್ಕ ಅದನ್ನು ಅಡತಿ ಅಂಗಡಿಯಲ್ಲಿ ಹರಾಜು ಕೂಗುವವರಷ್ಟು ವೇಗದಲ್ಲಿ ಓಡಿಸಿ ಕೇಳುತ್ತಿದ್ದಳು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಅವಳು ಅಲ್ಲಲ್ಲಿ ನಗುತ್ತಿದ್ದಳು. ಪಿಯು ಕಾಲೇಜಿನ ಉಪನ್ಯಾಸಕರ ಆಯ್ಕೆ ಪರೀಕ್ಷೆಗೆ ಕೂರಬೇಕೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚಿನ ಹೊತ್ತೇ ಅವಳ ಓದಿನ ಹೊತ್ತು.

ಆದರೆ ಒಂದು ತೊಡಕು. ಆ ಯಂತ್ರದಲ್ಲಿ ಹಿಂದಿನ ಮಾಲೀಕನ ಹಳೆಯ ಆಪರೇಟಿಂಗ್ ಸಿಸ್ಟಮ್ ಇತ್ತು. ಸಲೀಮ್ ಅದರ ಪಕ್ಕಕ್ಕೆ ಹೊಸದನ್ನು ಕೂರಿಸಿ, ಜಾಗ ಸಾಲದೆಂದು ಹಳೆಯದನ್ನು ಅಳಿಸಿದ್ದ. ಅಳಿಸಿದರೂ ಅದರ ಹೆಸರು ಮಾತ್ರ ಹೋಗಿರಲಿಲ್ಲ. ಯಂತ್ರ ಏಳುವಾಗ ಎರಡೂ ಹೆಸರು ತೋರಿಸಿ ಸ್ವಲ್ಪ ಹೊತ್ತು ಕಾಯುತ್ತಿತ್ತು. ಯಾರೂ ಏನೂ ಹೇಳದಿದ್ದರೆ ತಾನೇ ಮೇಲಿನ ಹೆಸರನ್ನು, ಅಂದರೆ ಇಲ್ಲದ ಸಿಸ್ಟಮನ್ನು, ಹುಡುಕಿಕೊಂಡು ಹೋಗಿ, ಕಡತ ಸಿಗಲಿಲ್ಲವೆಂದು ಬರೆದು ಅಲ್ಲಿಯೇ ಕೂತುಬಿಡುತ್ತಿತ್ತು. ಕಣ್ಣಿದ್ದವರಿಗೆ ಇದು ಒಂದು ಗುಂಡಿಯ ಕೆಲಸ. ಭೀಮಕ್ಕನಿಗೆ ಹಾಗಲ್ಲ, ಏಕೆಂದರೆ ಓದುವ ದನಿ ಎದ್ದೇಳುವುದು ಸಿಸ್ಟಮ್ ಶುರುವಾದ ಮೇಲೆ. ಈ ಎರಡು ಹೆಸರಿನ ಹೊತ್ತಿನಲ್ಲಿ ಯಂತ್ರ ಮೂಕ.

ಅವಳು ಅಂದಾಜಿನಿಂದ ಒತ್ತಿ ನೋಡಿದ್ದುಂಟು. ಬೇಗ ಒತ್ತಿದರೆ ಅದಕ್ಕೆ ಕೇಳಿಸುತ್ತಿರಲಿಲ್ಲ, ತಡವಾದರೆ ಹೊತ್ತು ಮೀರಿರುತ್ತಿತ್ತು. ಎರಡು ಸಲ ಒತ್ತಿದರೆ ಕೆಳಗೆ ಹೋದದ್ದು ತಿರುಗಿ ಮೇಲಿನ ಹೆಸರಿಗೇ ಬಂದು ನಿಲ್ಲುತ್ತಿತ್ತು. ಒಮ್ಮೆ ಸರಿಯಾದರೆ ಹತ್ತಾರು ಸಲ ತಪ್ಪು. ಹಾಗಾಗಿ ದಿನಾ ಬೆಳಿಗ್ಗೆ ನಾನು ಹೋಗಿ ಗುಂಡಿ ಒತ್ತಿ, ಅವಳ ಕೈಯ ಚಹಾ ಕುಡಿದು ಬರುವುದೆಂದಾಯಿತು. ಶಾಲೆಯಿಂದ ಕಂಪ್ಯೂಟರ್ ತರಬೇತಿಗೆ ಹೋಗಿಬಂದವಳು ನಾನೊಬ್ಬಳೇ. ಅಲ್ಲಿ ಕಲಿತದ್ದು 'ಸುಸ್ವಾಗತ' ಎಂಬ ಪದವನ್ನು ಕಮಾನಿನಂತೆ ಬಾಗಿಸಿ ಬಣ್ಣ ತುಂಬುವುದು. ಆದರೂ ಶಾಲೆಯಲ್ಲಿ ಟ್ಯೂಬ್‌ಲೈಟ್ ಕೆಟ್ಟರೂ ನನ್ನನ್ನೇ ಕೂಗುತ್ತಿದ್ದರು. ಭೀಮಕ್ಕನ ಮನೆಯಲ್ಲಿ ಆ ಒಂದು ಗುಂಡಿ ಒತ್ತುವಾಗ ನನಗೂ ಒಳಗೊಳಗೇ ದೊಡ್ಡ ಎಂಜಿನಿಯರಳ ಗತ್ತು.

ನಡುವೆ ಕರೆಂಟ್ ಹೋದರೆ ಮತ್ತೆ ನಾನು ಬೇಕು. ನಾನು ಊರಿಗೆ ಹೋದರೆ ಅವಳ ಓದು ಬಂದ್. ಅವಳು ಏನೂ ಅನ್ನುತ್ತಿರಲಿಲ್ಲ. ಆದರೆ ಒಂದು ದಿನ ನನಗೆ ಎಚ್ಚರವಾಗುವುದು ತಡವಾಗಿ, ಓಡಿ ಹೋದಾಗ, ಅವಳು ಯಂತ್ರದ ಮುಂದೆ ಕೈಕಟ್ಟಿಕೊಂಡು ಕೂತಿದ್ದಳು. ಚಹಾದ ಮೇಲೆ ಕೆನೆ ಕಟ್ಟಿತ್ತು.

"ಕರೀಬೇಕಿಲ್ಲೇನಕ್ಕಾ?" ಎಂದೆ.

"ಬಾಗಲ ತನಕ ಬಂದಿದ್ದೆ. ಒಳಗ ಸಪ್ಪಳಿರಲಿಲ್ಲ, ಮಲಗೀ ಅಂತ ತಿರುಗಿ ಬಂದೆ" ಎಂದಳು. ಲೋಟ ನನ್ನ ಕಡೆ ಸರಿಸಿ, "ಪುಸ್ತಕ ಓದಲಿಕ್ಕೆ ಮಂದಿ ಬೇಕಾಗ್ಯಾರ ಅಂತ ಈ ಮಷೀನ್ ತಗೊಂಡೆ. ಈಗ ಮಷೀನ್ ಎಬ್ಬಸ್ಲಿಕ್ಕೆ ಮಂದಿ ಬೇಕಾಗ್ಯಾರ" ಎಂದಳು. ಅಂದು ಬಸ್ಸಿನಲ್ಲಿ ಅವಳು ನಗಲಿಲ್ಲ.

ಅದಾದ ಕೆಲ ವಾರಕ್ಕೆ ನನ್ನ ವರ್ಗಾವಣೆಯ ಆದೇಶ ಬಂತು. ಯಾದಗಿರಿಯ ಹತ್ತಿರ, ಮುದನಾಳದ ಕಡೆಗೆ. ನಾನು ಕೇಳಿ ಪಡೆದದ್ದೇ. ಮದುವೆ ಗೊತ್ತಾಗಿತ್ತು, ಹುಡುಗ ಯಾದಗಿರಿಯವರು. ಭೀಮಕ್ಕನಿಗೆ ಹೇಗೆ ಹೇಳಲಿ ಎಂದು ದಿನವೆಲ್ಲ ಒದ್ದಾಡಿ, ಕೊನೆಗೆ ಬಸ್ಸಿನಲ್ಲಿ, ಗದ್ದಲದಲ್ಲಿ ಅರ್ಧ ಮುಳುಗಿಹೋಗಲಿ ಎಂಬ ಹಾಗೆ ಹೇಳಿದೆ. ಅವಳಿಗೆ ಪೂರಾ ಕೇಳಿಸಿತು. ನನ್ನ ಕೈ ಹುಡುಕಿ ಹಿಡಿದು, ಮದುವೆಯ ವಿಷಯ ಎಲ್ಲ ವಿಚಾರಿಸಿ, ಸೀರೆ ಯಾವ ಬಣ್ಣದ್ದೆಂದೂ ಕೇಳಿದಳು. ಇಳಿಯುವ ಹೊತ್ತಿಗೆ ಅಂದಳು: "ನೀ ಹೋಗೋದ್ರೊಳಗ ಆ ಹೆಸರು ತೆಗೀಬೇಕು."

"ಸಲೀಮಗ ಫೋನ್ ಮಾಡ್ತೀನಿ, ಬಂದು ತೆಗದು ಹೋಗ್ತಾನ" ಎಂದೆ.

"ಅವ ತೆಗಿಯೋದಲ್ಲ. ನಾ ತೆಗೀತೀನಿ."

ನನಗೆ ನಗು ಬಂತು, ಗಾಬರಿಯೂ ಆಯಿತು. ಅವಳು ತಾನೇ ಸಲೀಮನಿಗೆ ಫೋನ್ ಮಾಡಿದಳು. ಅವನು ಒಳ್ಳೆಯ ಹುಡುಗ. ಆ ಎರಡು ಹೆಸರು ಒಂದು ಚಿಕ್ಕ ಕಡತದಲ್ಲಿ ಬರೆದಿರುತ್ತವೆ, ಇಂಥಿಂಥ ದಾರಿಯಲ್ಲಿ ಹೋದರೆ ಅದು ತೆರೆಯುತ್ತದೆ, ಹಳೆಯದರ ಸಾಲು ಅಳಿಸಿ ಉಳಿಸಿದರೆ ಮುಗಿಯಿತು ಎಂದು ತಾಳ್ಮೆಯಿಂದ ಹೇಳಿದ. ಕೊನೆಗೆ, "ಆದ್ರ ಮೇಡಂ, ತಪ್ಪು ಸಾಲು ಅಳಿಸಿದ್ರ ಮಷೀನ್ ಬಿಲ್ಕುಲ್ ಏಳಂಗಿಲ್ರಿ. ಜರಾ ತಡೀರಿ, ನಾನ ಸುರಪುರಕ್ಕ ಬಂದಾಗ ಮಾಡಿಕೊಡ್ತೀನಿ" ಎಂದನಂತೆ.

"ತಡಿಯೋಣಲ್ಲಕ್ಕಾ" ಎಂದು ನಾನೂ ಅಂದೆ. "ಪರೀಕ್ಷಾ ಹತ್ರ ಬಂದದ. ಮಷೀನ್ ಕೆಟ್ಟು ಕೂತ್ರ ಏನ್ ಮಾಡ್ತಿ?"

"ಕೆಟ್ರ ಅವನ್ನ ಕರಸ್ತೀನಿ. ಅದಕ್ಕ ಅವ ಇದ್ದಾನ. ಆದ್ರ ನನ್ನ ಮಷೀನ್ ಹೊಟ್ಟ್ಯಾಗ ಏನದ ಅಂತ ನನಗ ಗೊತ್ತಿರಬೇಕಿಲ್ಲೇನು? ನಾಳೆ ಇನ್ನೊಂದು ಹೆಸರು ಹುಟ್ಟಿದ್ರ ಯಾರ ಬಾಗಲಕ್ಕ ಹೋಗಿ ನಿಂದರಲಿ?"



ಭಾನುವಾರ ಊಟ ಮುಗಿಸಿ ಕೂತೆವು. ಕೂತೆವು ಎಂದರೆ, ಅವಳು ಯಂತ್ರದ ಮುಂದೆ, ನಾನು ಹಿಂದೆ ಮಂಚದ ಮೇಲೆ. ಅವಳ ಕಟ್ಟಪ್ಪಣೆ ಹೀಗಿತ್ತು: "ನೀ ನೋಡು, ಆದ್ರ ಹೇಳಬ್ಯಾಡ. ನಾ ಕೇಳಿದ್ರೂ ಹೇಳಬ್ಯಾಡ." ನನ್ನಂಥ ಬಾಯಿಬಡುಕಿಗೆ ಇದು ಎಂಥ ಶಿಕ್ಷೆಯೆಂದು ನೀವೇ ಊಹಿಸಿ.

ಕಡತ ತೆರೆಯಿತು. ಬರೀ ಕೆಲವೇ ಸಾಲು. ಎರಡು ಸಿಸ್ಟಮಿಗೆ ಎರಡು ಸಾಲು, ಆದರೆ ಎರಡೂ ಅವಳಿ ಮಕ್ಕಳಂತೆ ಒಂದೇ ತರಹ. ಒಂದೇ ಕಂಪನಿಯ ಸಿಸ್ಟಮ್, ತೆರೆಯ ಮೇಲೆ ಎರಡು ಸಲ ಬರುತ್ತಿದ್ದದ್ದೂ ಅದೇ ಒಂದು ಹೆಸರು. ವ್ಯತ್ಯಾಸವಿದ್ದದ್ದು ನಡುವಿನ ಒಂದು ಅಂಕಿಯಲ್ಲಿ ಮಾತ್ರ. ಒಂದರಲ್ಲಿ ಡಿಸ್ಕಿನ ಒಂದನೆಯ ಭಾಗ, ಇನ್ನೊಂದರಲ್ಲಿ ಎರಡನೆಯ ಭಾಗ. ಭೀಮಕ್ಕ ದನಿಯ ವೇಗ ಇಳಿಸಿದಳು. ಆವರಣ ಚಿಹ್ನೆ, ಸೊನ್ನೆ, ಒಂದು, ಓರೆಗೆರೆ ಎಂದು ಆ ಗಂಡಸು ಒಂದೊಂದೇ ಗುರುತನ್ನು ಉಸುರತೊಡಗಿದ. ಅವಳು ತುಟಿಯಲ್ಲಿಯೇ ಅದನ್ನು ಹೇಳಿಕೊಳ್ಳುತ್ತಿದ್ದಳು. ಈಗ ಬದುಕಿರುವ ಸಿಸ್ಟಮ್ ಯಾವ ಭಾಗದಲ್ಲಿದೆಯೆಂದು ಹೊರಗೆ ಬಂದು ಹುಡುಕಿದಳು, ಎರಡನೆಯದರಲ್ಲಿ ಸಿಕ್ಕಿತು. ನಂಬಿಕೆ ಸಾಲದೆ ಇನ್ನೊಮ್ಮೆ ನೋಡಿದಳು. ಆಮೇಲೆ ಕಡತಕ್ಕೆ ಮರಳಿ, ಒಂದು ಎಂಬ ಅಂಕಿಯಿದ್ದ ಸಾಲನ್ನು ಹಿಡಿದು ಅಳಿಸಿದಳು. ಉಳಿಸಿ ಯಂತ್ರ ಬಂದ್ ಮಾಡಿದಳು.

"ಈಗ ಎಬ್ಬಸ್ತೀನಿ" ಎಂದು ಗುಂಡಿ ಒತ್ತಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ತೆರೆ ಕಪ್ಪಾಯಿತು. ನಾನು ಮಂಚದಿಂದ ಮುಂದಕ್ಕೆ ಬಾಗಿದೆ. ನೋಡಿದರೆ ಮತ್ತೆ ಎರಡು ಹೆಸರು! ಒಂದು ಸರಿಯಾದದ್ದು. ಇನ್ನೊಂದು, ಅವಳು ಈಗಷ್ಟೇ ಅಳಿಸಿದ್ದು, ಬೇರೆ ವೇಷದಲ್ಲಿ ಬಂದು ನಿಂತಿತ್ತು. ಬಾಯಿಗೆ ಸೆರಗು ಒತ್ತಿಕೊಂಡೆ. ಹೊತ್ತು ಮೀರಿತು, ಕಡತ ಸಿಗಲಿಲ್ಲ ಎಂಬ ಬಿಳಿ ಅಕ್ಷರಗಳು ಬಂದವು. ಶುರುವಾಗುವಾಗ ಕೇಳಿಸುವ ಆ ಟಿಂಟಿಣಿ ನಾದ ಬರಲಿಲ್ಲ. ಫ್ಯಾನಿನ ಸದ್ದೊಂದೇ.

"ಬರ್ಲಿಲ್ಲ" ಎಂದಳು ಭೀಮಕ್ಕ.

ನಾನು ಬಾಯಿಂದ ಸೆರಗು ತೆಗೆಯಲಿಲ್ಲ.

"ನೀ ಉಸುರು ಬಿಗಿ ಹಿಡದಾಗ ಗೊತ್ತಾತು ಬಿಡು."

"ಅಕ್ಕಾ, ಒಂದ್ ಸಲ ನಾ ಒತ್ತತೀನಿ. ಒಳಗ ಹೋಗು, ಆಮ್ಯಾಲ ನೀನ ನೋಡ್ಕೋ" ಎಂದು ಎದ್ದೆ.

"ಕೂಡು" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಆದರೆ ಎದ್ದವಳು ಹಾಗೇ ಕೂತೆ.

ಆಮೇಲೆ ಅವಳು ಮಾಡಿದ್ದನ್ನು ನೋಡುವುದು ಸುಲಭವಿರಲಿಲ್ಲ. ಯಂತ್ರ ಬಂದ್ ಮಾಡುವುದು, ಎಬ್ಬಿಸುವುದು, ಕಿವಿಯನ್ನು ಡಬ್ಬಿಗೆ ಹಚ್ಚಿ ಒಳಗಿನ ಗರಗರ ಯಾವಾಗ ನಿಲ್ಲುತ್ತದೆಂದು ಕೇಳುವುದು, ಆ ಕ್ಷಣಕ್ಕೆ ಬಾಣದ ಗುಂಡಿ, ಹಿಂದೆಯೇ ಎಂಟರ್ ಒತ್ತುವುದು. ತಪ್ಪಿತು. ಮತ್ತೆ ಮಾಡಿದಳು, ಮತ್ತೆ ತಪ್ಪಿತು. ನನಗೆ ತೆರೆ ಕಾಣುತ್ತಿತ್ತು, ಈಗ ಒತ್ತು, ಈಗ, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗುತ್ತಿದ್ದೆ. ಹಣೆಯ ಮೇಲೆ ಬೆವರು ಇಳಿದರೂ ಅವಳು ಒರೆಸಿಕೊಳ್ಳಲಿಲ್ಲ. ಹೊರಗೆ ಓಣಿಯಲ್ಲಿ ಯಾರೋ ತರಕಾರಿ ಕೂಗುತ್ತ ಹೋದರು, ಮೆಟ್ಟಿಲಿಳಿದು ದೂರವಾದರು. ಇವಳು ಮತ್ತೆ ಎಬ್ಬಿಸಿದಳು. ಎಷ್ಟನೆಯ ಸಲವೋ ಏನೋ, ಒಳಗಿನ ಸದ್ದು ನಿಂತು ಒಂದು ಗಳಿಗೆ ತಡೆದು ಒತ್ತಿದಳು. ಟಿಂಟಿಣಿ ಎಂದಿತು.

ಅವಳು ಕುಣಿಯಲಿಲ್ಲ, ನಗಲೂ ಇಲ್ಲ. ನೇರ ಆ ಕಡತಕ್ಕೇ ಹೋದಳು. ಈ ಸಲ ಮೊದಲ ಸಾಲಿನಿಂದ ಕೇಳತೊಡಗಿದಳು. ಹಿಂದೆ ಅವಳು ಕೇಳದೆ ದಾಟಿಹೋದ ಮೇಲಿನ ಭಾಗದಲ್ಲಿ, ಯಾರೂ ಏನೂ ಒತ್ತದಿದ್ದರೆ ಯಾವ ಕಡೆ ಹೋಗಬೇಕು ಎಂದು ಹೇಳುವ ಒಂದು ಸಾಲಿತ್ತು. ದನಿ ಅದನ್ನು ಓದಿತು. ನಡುವೆ ಅಂಕಿ ಬಂತು: ಒಂದು.

"ನಿಂದರು, ನಿಂದರು" ಎಂದು ದನಿಗೆ ಹೇಳಿ ಅದೇ ಸಾಲನ್ನು ಮತ್ತೆ ಓದಿಸಿದಳು. "ಇಲ್ಲೇ ಅದ ನೋಡು! ಕೆಳಗ ಹೆಸರು ತೆಗದೆ, ಮ್ಯಾಲ ದಾರಿ ಹಂಗ ಉಳದದ. ಅದಕ್ಕ ಅದು ಅಲ್ಲೇ ಹೊಂಟದ."

ಒಂದನ್ನು ಅಳಿಸಿ ಎರಡು ಎಂದು ಹಾಕಿದಳು. ಪೂರಾ ಕಡತವನ್ನು ಕೊನೆಯ ತನಕ ಇನ್ನೊಮ್ಮೆ ಕೇಳಿ, ಉಳಿಸಿ, ಬಂದ್ ಮಾಡಿ, ಎಬ್ಬಿಸಿದಳು. ಕೈ ಮಡಿಲಿಗೆ ಹೋಯಿತು. ಕಪ್ಪು ತೆರೆ ಬಂತು. ಹೆಸರುಗಳು ಬರಲಿಲ್ಲ. ಒಂದೂ ಬರಲಿಲ್ಲ, ಏಕೆಂದರೆ ಇದ್ದದ್ದು ಒಂದೇ ಆದಾಗ ಯಂತ್ರ ಕೇಳುವುದೇನಿದೆ? ನೇರ ಟಿಂಟಿಣಿ ನಾದ, ಅದರ ಹಿಂದೆಯೇ ಆ ಉಸಿರುಗೆಟ್ಟ ಗಂಡಸಿನ ದನಿ.

ನಾನು ಕಿರುಚಿದೆ. ಅವಳನ್ನು ತಬ್ಬಿಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹೇಳಲಿಲ್ಲ. ಭೀಮಕ್ಕ ನನ್ನ ಬೆನ್ನು ತಟ್ಟಿ, ಕೊಸರಿಕೊಂಡು, "ಈಗ ನೀ ಮನಿಗಿ ಹೋಗು" ಎಂದಳು.

"ಯಾಕ?"

"ನೀ ಇಲ್ಲದಾಗ ಏಳ್ತದಿಲ್ಲೋ ನೋಡಬೇಕು."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬಾಗಿಲು ಮುಚ್ಚಿಕೊಂಡಿತು. ನಾಲ್ಕು ಮೆಟ್ಟಿಲಿಳಿದು ನಿಂತೆ. ಹೋಗಲು ಕಾಲು ಬರಲಿಲ್ಲ. ಬಿಸಿಲಿಗೆ ಕಾದ ಗೋಡೆಗೆ ಒರಗಿ, ಕಿಟಕಿಯ ಕಡೆ ಕಿವಿ ಕೊಟ್ಟು, ಕಳ್ಳಿಯಂತೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಆ ನಾದ ಕೇಳಿಸಿತು. ಆಗ ತೃಪ್ತಿಯಾಗಿ, ಸದ್ದಿಲ್ಲದೆ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಎದ್ದವಳಿಗೆ ಮಾಡಲು ಕೆಲಸವಿರಲಿಲ್ಲ. ಗುಂಡಿ ಒತ್ತುವುದಿಲ್ಲದ ಮೇಲೆ ಯಾವ ನೆಪದಿಂದ ಹೋಗುವುದು? ಓದುವವಳ ಓದನ್ನು ಸುಮ್ಮನೆ ಕೆಡಿಸಿದಂತೆ. ಹಾಸಿಗೆ ಮಡಚಿಟ್ಟು, ತಲೆ ಬಾಚಿ, ಮತ್ತೊಮ್ಮೆ ಬಾಚಿ ಕೂತೆ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಭೀಮಕ್ಕ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ ಮುಚ್ಚಿದ ಲೋಟ.

"ಬಟನ್ ಹೋತು ಅಂದ್ರ ಚಾನೂ ಹೋತೇನು?" ಎಂದಳು.

ನಾನು ಊರು ಬಿಡುವ ತನಕ ಹಾಗೆಯೇ ನಡೆಯಿತು. ಒಂದು ದಿನ ಅವಳು ತರುವುದು, ಒಂದು ದಿನ ನಾನು ಹೋಗುವುದು. ಆ ವರ್ಷದ ಪರೀಕ್ಷೆಯಲ್ಲಿ ಅವಳಿಗೆ ಆಯ್ಕೆ ಸಿಗಲಿಲ್ಲ. ಫೋನಿನಲ್ಲಿ ಹೇಳಿ, ನಾನು ಸಮಾಧಾನದ ಮಾತು ಹುಡುಕುವುದರೊಳಗೆ, "ಮತ್ತ ಕೂಡ್ತೀನಿ" ಎಂದಳು. ಕೂತಳು. ಈಗ ಶಹಾಪುರದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಾಳೆ. ನಮ್ಮ ಮಾತು ಹಬ್ಬಕ್ಕೊಮ್ಮೆ, ಮದುವೆ ಮುಂಜಿಗೊಮ್ಮೆ ಎಂದು ತೆಳುವಾಗಿ ಎಷ್ಟೋ ಕಾಲವಾಯಿತು.

ಝೆರಾಕ್ಸ್ ಅಂಗಡಿಯಿಂದ ಹೊರಬಂದು, ನೆರಳು ನೋಡಿ ನಿಂತು, ಅವಳಿಗೆ ಫೋನ್ ಮಾಡಿದೆ. ಅಂಗಡಿಯಾತನ ಕಥೆ ಹೇಳಿದೆ. ಆ ಭಾನುವಾರದ್ದನ್ನೆಲ್ಲ ನೆನಪಿಸಿದೆ. ಭೀಮಕ್ಕ ಅದೇ ಹಳೆಯ ನಗೆ ನಕ್ಕಳು.

"ಖರೇ ಹೇಳ್ಲೇನು? ಆ ಹೆಸರು ಏನಿತ್ತು ಅಂತ ಮರತೇ ಹೋಗ್ಯದವಾ. ನೀ ಮೆಟ್ಟಲ ಮ್ಯಾಲೆ ನಿಂತದ್ದು ನೆನಪದ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. "ನಿನಗ ಗೊತ್ತಿತ್ತೇನು?"

"ನಿನ್ನ ಚಪ್ಪಲಿ ನಾಕು ಮೆಟ್ಟಲ ಇಳದು ನಿಂತವು. ಮುಂದ ಸಪ್ಪಳಿಲ್ಲ. ಪಾಪ, ಬಿಸಿಲಾಗ ನಿಂತಾಳ, ಕೇಳಿಸಿಕೊಂಡು ಹೋಗ್ಲಿ ಅಂತ ಒಂದ್ ಸಲ ಎಬ್ಬಸಿದೆ."

"ಮತ್ತ?"

"ಮತ್ತ ಏನದ? ನೀ ಖರೇನ ಹೋದ ಮ್ಯಾಲೆ ಬಂದ್ ಮಾಡಿ ಇನ್ನೊಮ್ಮಿ ಎಬ್ಬಸಿದೆ. ನನಗ ಬೇಕಾದದ್ದು ಅದು" ಎಂದಳು ಭೀಮಕ್ಕ. ಆಮೇಲೆ, "ಐತವಾರ ಶಹಾಪುರಕ್ಕ ಬಾ. ಕೆಲಸ ಇಲ್ಲದ ಬಾ" ಎಂದಳು.

ಭಾನುವಾರ ಮುಂಜಾನೆಯ ಬಸ್ಸಿಗೆ ಹೋಗುತ್ತಿದ್ದೇನೆ.